ಸ್ಯೂಡೋಯೂರಿಡಿನ್ ಅಂದರೆ ನಕಲಿ ಯೂರಿಡಿನ್ ಅಂತಾನಾ?

“ಕೋವಿಡ್ ಲಸಿಕೆಯಲ್ಲಿ ಸ್ಯೂಡೋ ಅನ್ನೋ ನಕಲಿ ವಸ್ತು ಹಾಕಿದ್ದಾರಂತೆ, ನಿಜವಾ?” ಅಂತ ಕೇಳಿದ್ದೀರಿ. ಹೆಸರು ನೋಡಿ ಗಾಬರಿಯಾಗಬೇಡಿ. ಇವತ್ತು ಬೆಳಿಗ್ಗೆ ನಿಮ್ಮ ಮೂತ್ರದಲ್ಲೂ ಸ್ವಲ್ಪ ಸ್ಯೂಡೋಯೂರಿಡಿನ್ ಇತ್ತು. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ.

ನಾನು ಬಳ್ಳಾರಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಆರ್‌ಎನ್‌ಎಗೆ (ಡಿಎನ್‌ಎ ನೋಡಿ ಜೀವಕೋಶ ಬರೆದುಕೊಳ್ಳುವ ಪ್ರತಿ) ಎ, ಯು, ಜಿ, ಸಿ ನಾಲ್ಕೇ ಅಕ್ಷರ ಅಂತ ನಾನೂ ಎಷ್ಟೋ ವರ್ಷ ಪಾಠ ಮಾಡಿದ್ದೆ. ಬರೆಯುವಾಗ ನಾಲ್ಕೇ, ನಿಜ. ಬರೆದಾದ ಮೇಲೆ ಜೀವಕೋಶ ಸುಮ್ನೆ ಕೂರುವುದಿಲ್ಲ, ಅಲ್ಲಲ್ಲಿ ತಿದ್ದುತ್ತದೆ. ಹಾಗೆ ತಿದ್ದಿದ ಅಕ್ಷರಗಳು ನೂರಕ್ಕೂ ಜಾಸ್ತಿ ಇವೆ. ಮೊದಲು ಸಿಕ್ಕಿದ್ದು ಸ್ಯೂಡೋಯೂರಿಡಿನ್, 1951ರಲ್ಲಿ. ‘ಯು’ ಅಂದರೆ ಯೂರಿಡಿನ್, ಅದನ್ನು ತಿದ್ದಿದ ರೂಪವೇ ಇದು.

ಕೌಲ್‌ಬಜಾರಿನಲ್ಲಿ ನಮ್ಮ ಅಕ್ಕನ ಮನೆಯವರು ಜೀನ್ಸ್ ಹೊಲಿಯುತ್ತಾರೆ. ಒಂದು ದಿನ ಭಾವ ಒಂದು ಪ್ಯಾಂಟ್ ಹಿಡಿದು ಗೊಣಗುತ್ತಾ ಕೂತಿದ್ದರು. ಸೊಂಟದ ಪಟ್ಟಿಯ ಲೇಬಲ್ ತಲೆಕೆಳಗಾಗಿತ್ತು. ಹೊಲಿಗೆ ಬಿಚ್ಚಿ, ಲೇಬಲ್ ತಿರುಗಿಸಿ, ಅದರ ಇನ್ನೊಂದು ಅಂಚನ್ನು ಹೊಲಿದರು. ಬಟ್ಟೆ ಅದೇ, ಲೇಬಲ್ ಅದೇ. ಮೊದಲು ಹೊಲಿಗೆಯೊಳಗಿದ್ದ ಅಂಚು ಈಗ ಹೊರಗೆ ಬಂತು, ಅಷ್ಟೇ.

ಇಲ್ಲೂ ಹಾಗೇ. ಯೂರಿಡಿನ್‌ನಲ್ಲಿ ಯುರಾಸಿಲ್ ಅನ್ನೋ ಉಂಗುರದಾಕಾರದ ಭಾಗ ಒಂದನೇ ನೈಟ್ರೋಜನ್ ಮೂಲಕ ಸಕ್ಕರೆಗೆ ಅಂಟಿರುತ್ತದೆ. ಒಂದು ಕಿಣ್ವ ಆ ಕೊಂಡಿ ಬಿಚ್ಚಿ, ಉಂಗುರ ತಿರುಗಿಸಿ, ಐದನೇ ಕಾರ್ಬನ್ ಮೂಲಕ ಮತ್ತೆ ಸೇರಿಸುತ್ತದೆ. ಪರಮಾಣುಗಳ ಲೆಕ್ಕ ಅದೇ, ಅಣುತೂಕವೂ ಅದೇ 244. ‘ಎ’ ಜೊತೆ ಜೋಡಿಯಾಗುವುದೂ ತಪ್ಪುವುದಿಲ್ಲ. ಹೊರಗೆ ಬಂದ ನೈಟ್ರೋಜನ್ ಮೇಲೆ ಒಂದು ಹೈಡ್ರೋಜನ್ ಇರುತ್ತದಲ್ಲ, ಅದು ನೀರಿನ ಅಣುವನ್ನು ಹಿಡಿದುಕೊಳ್ಳುತ್ತದೆ. ಆ ಜಾಗದಲ್ಲಿ ಆರ್‌ಎನ್‌ಎ ಸ್ವಲ್ಪ ಬಿಗಿಯಾಗುತ್ತದೆ. ಟಿಆರ್‌ಎನ್‌ಎ (ಪ್ರೋಟೀನ್ ಕಟ್ಟಲು ಅಮೈನೋ ಆಮ್ಲ ಹೊತ್ತು ತರುವ ಆರ್‌ಎನ್‌ಎ) ಚಿತ್ರದಲ್ಲಿ ‘ಟಿ-ಸೈ-ಸಿ’ ಲೂಪ್ ನೋಡಿದ್ದೀರಾ? ಆ ‘ಸೈ’ ಸ್ಯೂಡೋಯೂರಿಡಿನ್ನಿನ ಗುರುತೇ.

ಈಗ ಮೂತ್ರದ ವಿಷಯ. ಆರ್‌ಎನ್‌ಎ ಒಡೆದಾಗ ಮಾಮೂಲಿ ಯೂರಿಡಿನ್ನನ್ನು ಮೈ ಮತ್ತೆ ಬಳಸಿಕೊಳ್ಳುತ್ತದೆ. ಆದರೆ ಈ ಕಾರ್ಬನ್-ಕಾರ್ಬನ್ ಕೊಂಡಿ ಬಿಚ್ಚುವುದು ನಮ್ಮ ಮೈಗೆ ಗೊತ್ತಿಲ್ಲ. ಹಾಗಾಗಿ ಅಣು ಇಡಿಯಾಗಿಯೇ ಹೊರಗೆ ಹೋಗುತ್ತದೆ.

ಫೈಜರ್, ಮೊಡೆರ್ನಾ ಕಂಪನಿಗಳ ಕೋವಿಡ್ ಲಸಿಕೆಗಳು ಎಮ್‌ಆರ್‌ಎನ್‌ಎ, ಅಂದರೆ ಸಂದೇಶ ಒಯ್ಯುವ ಆರ್‌ಎನ್‌ಎ ಇರುವ ಲಸಿಕೆಗಳು. ಅವುಗಳಲ್ಲಿ ಇರುವುದು ಇದರ ತಮ್ಮ, ಎನ್1-ಮಿಥೈಲ್‌ಸ್ಯೂಡೋಯೂರಿಡಿನ್. ಹೊರಗೆ ಬಂದ ಆ ಅಂಚಿಗೆ ಒಂದು ಮಿಥೈಲ್ ಟೋಪಿ ಹಾಕಿದ್ದಾರೆ. ಲ್ಯಾಬಿನಲ್ಲಿ ಮಾಡಿದ ಮಾಮೂಲಿ ಆರ್‌ಎನ್‌ಎ ಕಂಡರೆ ನಮ್ಮ ರೋಗನಿರೋಧಕ ಕೋಶಗಳು ಕಳ್ಳ ಬಂದ ಅಂತ ಗಲಾಟೆ ಎಬ್ಬಿಸುತ್ತವೆ. ಯೂರಿಡಿನ್ ಜಾಗದಲ್ಲಿ ಸ್ಯೂಡೋಯೂರಿಡಿನ್ ಇದ್ದರೆ ಗಲಾಟೆ ತಗ್ಗುತ್ತದೆ ಅಂತ ವಿಜ್ಞಾನಿಗಳಾದ ಕ್ಯಾಟಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ತೋರಿಸಿದರು. 2023ರಲ್ಲಿ ಅವರಿಗೆ ನೊಬೆಲ್ ಬಂದದ್ದು ಈ ಕೆಲಸಕ್ಕೇ.

ಅಂದಹಾಗೆ, ನಮ್ಮ ಕಡೆ ಹೆಚ್ಚಿನವರು ಹಾಕಿಸಿಕೊಂಡದ್ದು ಕೋವಿಶೀಲ್ಡ್, ಇಲ್ಲವೇ ಕೋವ್ಯಾಕ್ಸಿನ್. ಅವೆರಡೂ ಎಮ್‌ಆರ್‌ಎನ್‌ಎ ಲಸಿಕೆಗಳೇ ಅಲ್ಲ. ನಿಮಗೆ ಇದನ್ನು ಹೇಳಿದವರಿಗೂ ಒಂದು ಮಾತು ತಿಳಿಸಿಬಿಡಿ.