ಬೈಕಂಪಾಡಿ, ಜುಬೈಲ್, ಸ್ಟುಟ್‌ಗಾರ್ಟ್: ಮೂರು ಕಡೆ ದುಡಿದವರಿಗೆ ಪೆನ್ಷನ್ ಯಾರು ಕೊಡ್ತಾರೆ?

ಪ್ರಶ್ನೆ: ನಾನು 1967ರಲ್ಲಿ ಹುಟ್ಟಿದವನು. 1996ರಿಂದ 2003ರವರೆಗೆ ಬೈಕಂಪಾಡಿಯ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್, ಪಿಎಫ್ ಇತ್ತು. ಆಮೇಲೆ ಸೌದಿಯ ಜುಬೈಲ್‌ನಲ್ಲಿ ಆರು ವರ್ಷ, ನಂತರ 2011ರಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಾಲ್ಕು ವರ್ಷ. ಪಿಎಫ್ ದುಡ್ಡು ತೆಗೆದಿದ್ದೇನೆ, ಪೆನ್ಷನ್ ಸ್ಕೀಮಿನ ಸರ್ಟಿಫಿಕೇಟ್ ಮಾತ್ರ ಮನೆಯಲ್ಲಿದೆ. ಜರ್ಮನಿಯಲ್ಲಿ ಕಟ್ಟಿದ್ದನ್ನು ವಾಪಸ್ ತಗೊಂಡುಬಿಡು ಅಂತ ಗೆಳೆಯರು ಹೇಳ್ತಾರೆ. ಏನು ಮಾಡಲಿ?
– ಕಾಪುವಿನ ಓದುಗರು

ಉತ್ತರ: ಗೆಳೆಯರ ಮಾತು ಸದ್ಯಕ್ಕೆ ಬದಿಗಿಡಿ. ಮೊದಲು ಆ ಸರ್ಟಿಫಿಕೇಟನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಬೈಕಂಪಾಡಿಯ ಏಳು ವರ್ಷಕ್ಕೆ ಅದೇ ಸಾಕ್ಷಿ, ನಿಮ್ಮ ಇಡೀ ಲೆಕ್ಕ ನಿಂತಿರುವುದು ಅದರ ಮೇಲೆ.

ಇಲ್ಲಿ ಪಿಎಫ್ ಪೆನ್ಷನ್‌ಗೆ, ಅಂದರೆ ಇಪಿಎಸ್‌ಗೆ, 10 ವರ್ಷದ ಸೇವೆ ಬೇಕು. ನಿಮ್ಮದು ಏಳು. ಜರ್ಮನಿಯಲ್ಲಿ ಕನಿಷ್ಠ 60 ತಿಂಗಳು ಕಟ್ಟಿರಬೇಕು, ನಿಮ್ಮದು 48. ಒಂದೊಂದನ್ನೇ ನೋಡಿದರೆ ಎರಡೂ ಕಡೆ ಕೈ ಖಾಲಿ. ಆದರೆ ಭಾರತ ಮತ್ತು ಜರ್ಮನಿ ನಡುವೆ ಸಾಮಾಜಿಕ ಭದ್ರತಾ ಒಪ್ಪಂದ ಇದೆ, 2017ರ ಮೇ 1ರಿಂದ ಜಾರಿಯಲ್ಲಿದೆ, ಅದರ ಪ್ರಕಾರ ಅರ್ಹತೆ ನೋಡುವಾಗ ಎರಡೂ ದೇಶದ ವರ್ಷಗಳನ್ನು ಕೂಡಿಸುತ್ತಾರೆ. ನೀವು ಜರ್ಮನಿ ಬಿಟ್ಟ ಮೇಲೆ ಬಂದ ಒಪ್ಪಂದ ಅಂತ ಹೆದರಬೇಡಿ, ಹಿಂದಿನ ಅವಧಿಯೂ ಲೆಕ್ಕಕ್ಕೆ ಬರುತ್ತದೆ. ಏಳು ಮತ್ತು ನಾಲ್ಕು, ಹನ್ನೊಂದು. ಎರಡೂ ಬಾಗಿಲು ತೆರೆಯಿತು. ಕೂಡಿಸುವುದು ಅರ್ಹತೆಗೆ ಮಾತ್ರ, ದುಡ್ಡು ಮಾತ್ರ ಅವರವರ ವರ್ಷಕ್ಕೆ ಅವರವರೇ ಕೊಡುವುದು.

ಸೌದಿಯ ಆರು ವರ್ಷ ಈ ಲೆಕ್ಕದಲ್ಲಿ ಇಲ್ಲ. ಗಲ್ಫ್ ದೇಶಗಳ ಜೊತೆ ನಮಗೆ ಇಂಥ ಒಪ್ಪಂದ ಇಲ್ಲ. ಅಲ್ಲಿ ಕೆಲಸ ಬಿಡುವಾಗ ಕೊಟ್ಟ ಸರ್ವಿಸ್ ದುಡ್ಡೇ ಎಲ್ಲಾ. ನಮ್ಮ ಕರಾವಳಿಯಲ್ಲಿ ಎಷ್ಟೋ ಜನ ಇಪ್ಪತ್ತೈದು ವರ್ಷ ಅಲ್ಲಿ ಬೆವರು ಸುರಿಸಿ ಬಂದು, ಆ ದುಡ್ಡನ್ನು ಮನೆ ಕಟ್ಟುವುದಕ್ಕೆ ಹಾಕಿ, ಅರವತ್ತಕ್ಕೆ ತಿಂಗಳ ಆದಾಯ ಏನೂ ಇಲ್ಲದೆ ಕೂತಿರುವುದು ಇದೇ ಕಾರಣಕ್ಕೆ.

ಈಗ ಜರ್ಮನಿಯದ್ದು. ಅಲ್ಲಿ ವರ್ಷಕ್ಕೆ ಇಷ್ಟು ಪಾಯಿಂಟ್ ಅಂತ ಲೆಕ್ಕ. ಆ ದೇಶದ ಸರಾಸರಿ ಸಂಬಳ ಇದ್ದವರಿಗೆ ವರ್ಷಕ್ಕೆ ಒಂದು ಪಾಯಿಂಟ್, 2025ರ ಜುಲೈನ ದರದಲ್ಲಿ ಒಂದು ಪಾಯಿಂಟಿಗೆ ತಿಂಗಳಿಗೆ 40.79 ಯೂರೋ. ನಿಮಗೂ ಸರಾಸರಿ ಸಂಬಳ ಇತ್ತು ಅಂದುಕೊಂಡರೆ ನಾಲ್ಕು ಪಾಯಿಂಟಿಗೆ ತಿಂಗಳಿಗೆ 163 ಯೂರೋ. ಇದು ಜೀವನಪೂರ್ತಿ ಬರುತ್ತದೆ. ವಾಪಸ್ ತಗೊಂಡರೆ? ನಿಮ್ಮ ಸಂಬಳದಿಂದ ಹಿಡಿದ ಪಾಲು ಮಾತ್ರ ಸಿಗುತ್ತದೆ, ಕಂಪನಿ ಕಟ್ಟಿದ ಅಷ್ಟೇ ದೊಡ್ಡ ಪಾಲು ಹೋಯಿತು. ಆ ನಾಲ್ಕು ವರ್ಷದ ಸರಾಸರಿ ಸಂಬಳಕ್ಕೆ ನಿಮ್ಮ ಪಾಲು ಸುಮಾರು 13 ಸಾವಿರ ಯೂರೋ ಆಗುತ್ತದೆ. ಪೆನ್ಷನ್ ಬರಲು ಶುರುವಾಗಿ ಏಳು ವರ್ಷದೊಳಗೆ ಅಷ್ಟು ದುಡ್ಡು ಬಂದಿರುತ್ತದೆ ಮಾರಾಯ್ರೆ! ಒಮ್ಮೆ ವಾಪಸ್ ಪಡೆದರೆ ಆ ನಾಲ್ಕು ವರ್ಷವೂ ಅಳಿಸಿಹೋಗುತ್ತದೆ, ಇಲ್ಲಿಯ ಹತ್ತು ವರ್ಷದ ಲೆಕ್ಕಕ್ಕೂ ಅದೇ ಆಧಾರ ಅಲ್ವಾ. ಒಂದೇ ತೊಂದರೆ: 1964ರ ನಂತರ ಹುಟ್ಟಿದವರಿಗೆ ಅಲ್ಲಿ ಪೂರ್ತಿ ವಯಸ್ಸು 67. ಅಲ್ಲಿಯವರೆಗೆ ಕಾಯಬೇಕು. ತೀರಾ ಸಾಲದಲ್ಲಿ ಇದ್ದರೆ ಮಾತು ಬೇರೆ, ಇಲ್ಲದಿದ್ದರೆ ನಾನಂತೂ ವಾಪಸ್ ತಗೊಳ್ಳಿ ಅಂತ ಹೇಳುವುದಿಲ್ಲ.

ಇಪಿಎಸ್‌ ಪೆನ್ಷನ್ 58ಕ್ಕೆ ಶುರು. ನೀವು ಫ್ಯಾಕ್ಟರಿ ಬಿಟ್ಟಾಗ ಪೆನ್ಷನ್ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 6,500 ರೂಪಾಯಿ, ಅದನ್ನು ಏಳು ವರ್ಷದಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 650. ಮೀನು ಸಾರಿಗೂ ಸಾಲದು, ಗೊತ್ತು. ಆದರೂ ಬಿಡಬೇಡಿ.

ಅರ್ಜಿಗೆ ಜರ್ಮನಿಗೆ ಓಡಬೇಕಾಗಿಲ್ಲ, ಮಂಗಳೂರಿನ ಪಿಎಫ್ ಆಫೀಸಿನಲ್ಲೇ ಒಪ್ಪಂದದ ಅಡಿಯಲ್ಲಿ ಅಂತ ಹೇಳಿ ಕೊಡಿ. ಅದಕ್ಕೂ ಮೊದಲು ಹೆಸರು ನೋಡಿಕೊಳ್ಳಿ. ನಮ್ಮ ಕಡೆ ಪಿಎಫ್ ದಾಖಲೆಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಶೆಟ್ಟಿ, ಪೂಜಾರಿ ಅಥವಾ ಊರಿನ ಹೆಸರೇ ಸರ್‌ನೇಮ್. ಜರ್ಮನಿಯ ಪೆನ್ಷನ್ ವಿಮಾ ನಂಬರಿನಲ್ಲಿ ಹುಟ್ಟಿದ ದಿನಾಂಕ ಮತ್ತು ಹುಟ್ಟುಹೆಸರಿನ ಸರ್‌ನೇಮಿನ ಮೊದಲ ಅಕ್ಷರ ಇರುತ್ತದೆ, ನಿಮ್ಮದನ್ನು ತೆಗೆದು ನೋಡಿ. ಸರ್ಟಿಫಿಕೇಟಿನಲ್ಲಿ ಒಂದು, ಅಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿ ಮಾಡಿಸಿ. 67ಕ್ಕೆ ಅಫಿಡವಿಟ್ ಹಿಡಿದು ಅಲೆಯುವ ಕೆಲಸ ಬೇಡ.

ಪ್ರಶ್ನೆ: ಇಂಗ್ಲೆಂಡಿನಲ್ಲಿ 11 ವರ್ಷ ನರ್ಸ್ ಆಗಿದ್ದೆ. ಈಗ ಮಂಗಳೂರಿನ ಕದ್ರಿಯಲ್ಲಿದ್ದೇನೆ. ಅಲ್ಲಿಯ ಸರಕಾರಿ ಪೆನ್ಷನ್ ಇಲ್ಲಿಗೆ ಬರುತ್ತದಾ?

ಉತ್ತರ: ಬರುತ್ತದೆ. ಅಲ್ಲಿ ಕನಿಷ್ಠ 10 ವರ್ಷ ಸಾಕು, ಪೂರ್ತಿ ಪೆನ್ಷನ್‌ಗೆ 35. ಹನ್ನೊಂದೂ ಲೆಕ್ಕಕ್ಕೆ ಬರುವ ವರ್ಷಗಳೇ ಆದರೆ ನಿಮಗೆ 35ರಲ್ಲಿ 11 ಪಾಲು: 2025-26ರ ದರದಲ್ಲಿ ವಾರಕ್ಕೆ ಸುಮಾರು 72 ಪೌಂಡ್. ಆದರೆ ಒಂದು ವಿಷಯ ಬೇಸರದ್ದು. ಭಾರತದಲ್ಲಿ ಇರುವವರಿಗೆ ಮೊದಲ ಸಲ ಬಂದ ಮೊತ್ತವೇ ಕೊನೆವರೆಗೆ, ವರ್ಷ ವರ್ಷದ ಏರಿಕೆ ಇಲ್ಲ. ಫಿಲಿಪೀನ್ಸ್‌ನಲ್ಲಿ ನೆಲೆಸಿದ ನಿಮ್ಮ ಹಳೆಯ ಸಹೋದ್ಯೋಗಿಗೆ ಏರುತ್ತದೆ, ನಿಮಗೆ ಇಲ್ಲ. ಹಾಗಾಗಿ ಮನೆ ಖರ್ಚನ್ನು ಪೂರ್ತಿ ಇದರ ಮೇಲೆ ಹಾಕಬೇಡಿ. ಅಲ್ಲಿಂದ ಬದುಕಿದ್ದೀರಾ ಅಂತ ಕೇಳುವ ಫಾರಂ ಆಗಾಗ ಅಂಚೆಯಲ್ಲಿ ಬರುತ್ತದೆ, ತುಂಬಿ ಕಳಿಸದಿದ್ದರೆ ಪೆನ್ಷನ್ ನಿಲ್ಲುತ್ತದೆ. ಮನೆ ಬದಲಿಸಿದರೆ ವಿಳಾಸ ತಿಳಿಸಿ.