ಆಫ್ರಿಕಾದಲ್ಲಿ ಬ್ಲಾಕ್‌ಚೈನ್ ಡೆವಲಪರ್‌ಗಳ ಬಳಗ ಕಟ್ಟಲು ವಸತಿ ಶಿಬಿರಗಳಿಂದ ನಿಜಕ್ಕೂ ಪ್ರಯೋಜನವಿದೆಯೇ?

ಬ್ಲಾಕ್‌ಚೈನ್, ಅಂದರೆ ಅನೇಕ ಕಂಪ್ಯೂಟರುಗಳು ಒಟ್ಟಾಗಿ ಕಾಯ್ದುಕೊಳ್ಳುವ ಲೆಕ್ಕದ ಪುಸ್ತಕ; ಅದಕ್ಕೆ ತಂತ್ರಾಂಶ ಬರೆಯುವ ಡೆವಲಪರ್‌ಗಳನ್ನು ಮೂರು ನಾಲ್ಕು ವಾರ ಒಂದೇ ಮನೆಯಲ್ಲಿ ಇರಿಸಿ, ಒಟ್ಟಿಗೆ ಉಂಡು ಒಟ್ಟಿಗೆ ಕೋಡ್ ಬರೆಯುವ ಶಿಬಿರಗಳಿಂದ ಆಫ್ರಿಕಾದಲ್ಲಿ ಬಾಳಿಕೆಯ ಬಳಗವೊಂದು ಹುಟ್ಟುತ್ತದೆಯೇ ಅಥವಾ ಅದು ಪ್ರಾಯೋಜಕರ ಹಣದಲ್ಲಿ ನಡೆಯುವ ಪ್ರವಾಸ ಮಾತ್ರವೇ ಎಂದು ಕೇಳಿದ್ದೀರಿ. ನಿಮ್ಮ ಕಂಪನಿ ಅಂಥ ಶಿಬಿರವೊಂದಕ್ಕೆ ಹಣ ಕೊಡುವ ಆಲೋಚನೆಯಲ್ಲಿದೆ ಎಂದೂ ಬರೆದಿದ್ದೀರಿ. ನಾನು ಆರು ವರ್ಷಗಳಿಂದ ನೈರೋಬಿಯಲ್ಲಿ ಹಣ ಪಾವತಿಯ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಕೆನ್ಯಾದ ಕರಾವಳಿಯ ಕಿಲಿಫಿಯಲ್ಲಿ ಎರಡು ಬಾರಿ, ಘಾನಾದ ಅಕ್ರಾದಲ್ಲಿ ಒಂದು ಬಾರಿ ಇಂಥ ಶಿಬಿರಗಳಲ್ಲಿ ಮಾರ್ಗದರ್ಶಕನಾಗಿ ಉಳಿದಿದ್ದೇನೆ. ಬಳಗ ಹುಟ್ಟುತ್ತದೆ ಎಂಬುದೇ ನನ್ನ ಉತ್ತರ. ಆದರೆ ಶಿಬಿರ ಮುಗಿಸಿದವರು ತಮ್ಮ ಊರಿಗೆ ಒಂಟಿಯಾಗಿ ಮರಳದಂತೆ ಮೊದಲೇ ಯೋಚಿಸಿದ್ದರೆ ಮಾತ್ರ.

ಮೊದಲಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಇಲ್ಲಿ ಡಿಜಿಟಲ್ ಹಣ ಬಳಸುವವರು ಮೊದಲು ಬಂದರು, ಅದರ ತಂತ್ರಾಂಶ ಕಟ್ಟುವವರು ತಡವಾಗಿ ಬಂದರು. ಕೆನ್ಯಾದಲ್ಲಿ 2007ರಲ್ಲೇ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆ ಆರಂಭವಾಗಿ, ಬ್ಯಾಂಕ್ ಖಾತೆಯಿಲ್ಲದ ತರಕಾರಿ ವ್ಯಾಪಾರಿಯೂ ಮೊಬೈಲಿನಲ್ಲಿ ಹಣ ಪಡೆಯುವುದು ರೂಢಿಯಾಯಿತು; ನಮ್ಮಲ್ಲಿ ಯುಪಿಐ ಬಂದದ್ದು 2016ರಲ್ಲಿ. ನೈಜೀರಿಯಾದ ಕಾರಣ ಬೇರೆ. ಅಲ್ಲಿನ ಕೇಂದ್ರ ಬ್ಯಾಂಕು 2021ರ ಫೆಬ್ರುವರಿಯಲ್ಲಿ ಕ್ರಿಪ್ಟೋ, ಅಂದರೆ ಬ್ಲಾಕ್‌ಚೈನ್ ಮೇಲೆ ಓಡಾಡುವ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯಗಳ ವಹಿವಾಟಿನ ಖಾತೆಗಳನ್ನು ಮುಚ್ಚುವಂತೆ ಬ್ಯಾಂಕುಗಳಿಗೆ ಸೂಚಿಸಿತು. ಜನ ಆ ವಹಿವಾಟನ್ನು ಬಿಡಲಿಲ್ಲ, ಪರಸ್ಪರ ನೇರವಾಗಿ ಕೊಟ್ಟು ಕೊಳ್ಳುವ ದಾರಿ ಹಿಡಿದರು. ಅಲ್ಲಿನ ನಾಣ್ಯವಾದ ನೈರಾದ ಬೆಲೆ ಕುಸಿಯುತ್ತಿದ್ದಾಗ, ಡಾಲರಿನ ಬೆಲೆಗೆ ಕಟ್ಟಿಹಾಕಿದ ಕ್ರಿಪ್ಟೋ ಆದ ಸ್ಟೇಬಲ್‌ಕಾಯಿನ್ ಅವರಿಗೆ ಉಳಿತಾಯದ ಡಬ್ಬಿಯಾಯಿತು. ಆ ನಿರ್ಬಂಧವನ್ನು ಸಡಿಲಿಸಿದ್ದು 2023ರ ಡಿಸೆಂಬರಿನಲ್ಲಿ. ಕ್ರಿಪ್ಟೋ ವಹಿವಾಟನ್ನು ವಿಶ್ಲೇಷಿಸುವ ಚೈನಾಲಿಸಿಸ್ ಸಂಸ್ಥೆಯ ಲೆಕ್ಕದಂತೆ 2023ರ ಜುಲೈನಿಂದ 2024ರ ಜೂನ್‌ವರೆಗಿನ ಒಂದು ವರ್ಷದಲ್ಲಿ ನೈಜೀರಿಯಾಕ್ಕೆ ಬಂದ ಕ್ರಿಪ್ಟೋ ಮೌಲ್ಯ ಸುಮಾರು 5,900 ಕೋಟಿ ಡಾಲರ್. ಇಷ್ಟು ಬಳಕೆಯಿರುವ ನಾಡಿನಲ್ಲಿ, ಆ ಬಳಕೆಯ ಅಡಿಯಲ್ಲಿರುವ ತಂತ್ರಾಂಶವನ್ನು ಓದಿ ತಿದ್ದಬಲ್ಲವರು ಕೆಲವೇ ಮಂದಿ ಎಂಬುದು ನನ್ನನ್ನು ಈ ಕೆಲಸಕ್ಕೆ ಎಳೆದ ಸಂಗತಿ.

ಈ ಕೊರತೆಯನ್ನು ತುಂಬಲು ಹೊರಟವರಲ್ಲಿ ಇಲ್ಲಿನವರೇ ಮುಂದಿದ್ದಾರೆ. ನೈಜೀರಿಯಾದ ಲೇಗೋಸ್‌ನಲ್ಲಿ ವೆಬ್3ಬ್ರಿಜ್ ಎಂಬ ಸಂಸ್ಥೆ 2019ರಿಂದ ತಂಡ ತಂಡವಾಗಿ ಯುವಕರಿಗೆ ಬ್ಲಾಕ್‌ಚೈನ್ ಪ್ರೋಗ್ರಾಂ ಬರೆಯುವ ಭಾಷೆಯಾದ ಸಾಲಿಡಿಟಿ ಕಲಿಸುತ್ತಿದೆ. ಟ್ವಿಟರ್ ಸ್ಥಾಪಕರಲ್ಲೊಬ್ಬರಾದ ಜಾಕ್ ಡಾರ್ಸಿ ಮತ್ತು ಗಾಯಕ ಜೇ-ಝೀ 2021ರಲ್ಲಿ 500 ಬಿಟ್‌ಕಾಯಿನ್ ಇಟ್ಟು ಆರಂಭಿಸಿದ ಬಿಟ್ರಸ್ಟ್, ಬಿಟ್‌ಕಾಯಿನ್‌ನ ಮುಕ್ತ ತಂತ್ರಾಂಶದ ಮೇಲೆ ದುಡಿಯುವ ಆಫ್ರಿಕನ್ ಎಂಜಿನಿಯರುಗಳನ್ನು ಬೆಳೆಸುತ್ತಿದೆ. ಇವೆಲ್ಲ ಇರುವಾಗ ಮನೆ ಬಾಡಿಗೆಗೆ ಹಿಡಿದು ಕೂಡಿ ಬಾಳುವ ಅಗತ್ಯವೇನು ಎಂದು ನಾನೂ ಮೊದಲು ಕೇಳಿದ್ದೆ.

ಉತ್ತರ ಸಿಕ್ಕಿದ್ದು ಕಿಲಿಫಿಯ ಮೊದಲ ವಾರದಲ್ಲಿ. ಕಲಿಯಬೇಕೆಂಬ ಹುಡುಗನಿಗೆ ಮನೆಯಲ್ಲಿ ಕರೆಂಟು ಹೋಗುತ್ತದೆ, ಜನರೇಟರಿಗೆ ಪೆಟ್ರೋಲ್ ಹಾಕಿಸಲು ಹಣ ಬೇಕು, ಡೇಟಾ ಪ್ಯಾಕು ವಾರದ ನಡುವೆ ಮುಗಿಯುತ್ತದೆ. ಹಗಲಿಡೀ ಬೇರೆ ದುಡಿಮೆ ಮಾಡಿ ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆರೆಯುವವನಿಗೆ, ಒಂದು ದೋಷವನ್ನು ಮೂರು ದಿನ ಬೆನ್ನಟ್ಟುವ ಅವಕಾಶವೇ ಇರುವುದಿಲ್ಲ. ವಸತಿ ಶಿಬಿರವು ನಾಲ್ಕು ವಾರದ ಮಟ್ಟಿಗೆ ಈ ಮೂರೂ ತೊಡಕುಗಳನ್ನು ತೆಗೆದುಹಾಕುತ್ತದೆ. ಹೀಗಾಗಿ ಒಳ್ಳೆಯ ಶಿಬಿರದ ವೆಚ್ಚದಲ್ಲಿ ಇನ್ವರ್ಟರ್, ಬ್ಯಾಟರಿ ಮತ್ತು ಎರಡು ಬೇರೆ ಬೇರೆ ಕಂಪನಿಗಳ ಇಂಟರ್ನೆಟ್ ಸಂಪರ್ಕಕ್ಕೆ ದೊಡ್ಡ ಪಾಲು ಹೋಗುತ್ತದೆ. 2024ರ ಮಾರ್ಚ್‌ನಲ್ಲಿ ಪಶ್ಚಿಮ ಆಫ್ರಿಕಾದ ಕಡಲಡಿಯ ಕೇಬಲ್‌ಗಳು ಒಮ್ಮೆಗೇ ತುಂಡಾದವು, ಮೇ ತಿಂಗಳಲ್ಲಿ ಪೂರ್ವ ಕರಾವಳಿಯ ಈಸಿ ಮತ್ತು ಸೀಕಾಮ್ ಕೇಬಲ್‌ಗಳಿಗೂ ಹಾಗೆಯೇ ಆಯಿತು. ಇಂಥ ದಿನ ಬರುತ್ತದೆಂದು ತಿಳಿದವರು ಬೇಕಾದ ತಂತ್ರಾಂಶದ ಪ್ಯಾಕೇಜುಗಳ ಪ್ರತಿಯನ್ನು ಮನೆಯೊಳಗಿನ ಒಂದು ಯಂತ್ರದಲ್ಲೇ ಇಟ್ಟುಕೊಳ್ಳುತ್ತಾರೆ ಮತ್ತು ನಿಜವಾದ ಹಣವಿಲ್ಲದ ಪರೀಕ್ಷೆಯ ಬ್ಲಾಕ್‌ಚೈನನ್ನು ತಮ್ಮ ಲ್ಯಾಪ್‌ಟಾಪಿನಲ್ಲೇ ಓಡಿಸುತ್ತಾರೆ. ಇದು ಇರುವ ಶಿಬಿರಕ್ಕೂ ಇಲ್ಲದ ಶಿಬಿರಕ್ಕೂ ಇರುವ ಅಂತರ ನಿಮಗೆ ಎರಡನೆಯ ದಿನವೇ ಕಾಣುತ್ತದೆ.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಕಿಸುಮುವಿನಿಂದ ಬಂದಿದ್ದ ಒಬ್ಬ ಯುವತಿ ಚಾಮಾಕ್ಕಾಗಿ ಒಂದು ಸ್ಮಾರ್ಟ್ ಕಾಂಟ್ರ್ಯಾಕ್ಟ್, ಅಂದರೆ ಷರತ್ತಿನಂತೆ ಬ್ಲಾಕ್‌ಚೈನ್ ಮೇಲೆ ತಾನೇ ಹಣ ಸಾಗಿಸುವ ಪ್ರೋಗ್ರಾಂ, ಬರೆಯುತ್ತಿದ್ದಳು. ಚಾಮಾ ಎಂದರೆ ಕೆನ್ಯಾದ ಸ್ವಸಹಾಯ ಗುಂಪು. ಎಷ್ಟೋ ಚಾಮಾಗಳು ನಮ್ಮ ಚೀಟಿಯಂತೆಯೇ ನಡೆಯುತ್ತವೆ, ತಿಂಗಳಿಗಿಷ್ಟು ಎಂದು ಎಲ್ಲರೂ ಹಾಕುತ್ತಾರೆ, ಸರದಿಯಂತೆ ಒಬ್ಬರು ಎತ್ತುತ್ತಾರೆ. ಅವಳ ಕೋಡು ಸರದಿ ಬಂದ ಸದಸ್ಯರಿಗೆ ಮೊದಲು ಹಣ ಕಳಿಸಿ, ಆಮೇಲೆ ‘ಕೊಟ್ಟಾಯಿತು’ ಎಂದು ಗುರುತು ಹಾಕುತ್ತಿತ್ತು. ರಾತ್ರಿ ಉಗಾಲಿ, ಸುಕುಮಾ ವಿಕಿಯ ತಟ್ಟೆ ಹಿಡಿದು ಕುಳಿತಿದ್ದಾಗ ಲೇಗೋಸ್‌ನ ಹುಡುಗನೊಬ್ಬ ಅದನ್ನು ಓದಿ, ಹಣ ಪಡೆಯುವ ಕಡೆ ಒಂದು ದುಷ್ಟ ಕಾಂಟ್ರ್ಯಾಕ್ಟ್ ಇದ್ದರೆ ಗುರುತು ಬೀಳುವ ಮೊದಲೇ ಅದು ಮತ್ತೆ ಮತ್ತೆ ಕೈಚಾಚಬಹುದಲ್ಲ ಎಂದು ಕೇಳಿದ. ಊಟ ಮುಗಿಯುವ ಮೊದಲೇ ಅಂಥದ್ದೊಂದನ್ನು ಬರೆದು, ಪರೀಕ್ಷೆಯ ಜಾಲದಲ್ಲಿದ್ದ ಚೀಟಿಯನ್ನೆಲ್ಲ ಬರಿದು ಮಾಡಿ ತೋರಿಸಿದ. 2016ರ ಜೂನ್‌ನಲ್ಲಿ ಈಥೀರಿಯಂ ಬ್ಲಾಕ್‌ಚೈನಿನಲ್ಲಿದ್ದ ದಿ ಡಾವೊ ಎಂಬ ನಿಧಿಯಿಂದ, ಆ ಬ್ಲಾಕ್‌ಚೈನಿನ ನಾಣ್ಯವಾದ ಈಥರ್ ಸುಮಾರು 36 ಲಕ್ಷದಷ್ಟು ಸೋರಿಹೋದದ್ದು ಇದೇ ಬಗೆಯ ದೋಷದಿಂದ. ಆ ಯುವತಿ ಅದರ ಬಗ್ಗೆ ಮೊದಲೇ ಓದಿದ್ದಳು. ತನ್ನ ಕೋಡಿನಲ್ಲಿ ಅದು ಇದೆ ಎಂದು ಹೊಳೆದಿರಲಿಲ್ಲ. ಆನ್‌ಲೈನ್ ತರಗತಿಯಲ್ಲಿ ಯಾರೂ ಇನ್ನೊಬ್ಬರ ಅರೆಬರೆ ಕೋಡನ್ನು ಓದುವುದಿಲ್ಲ, ಮುಗಿಸಿದ್ದನ್ನು ಮಾತ್ರ ತೋರಿಸುತ್ತಾರೆ. ಒಂದೇ ಸೂರಿನಡಿ ಇದ್ದಾಗ ಅರೆಬರೆಯದ್ದು ಕಣ್ಣಿಗೆ ಬೀಳುತ್ತದೆ, ತಪ್ಪನ್ನು ತೋರಿಸಿದವನ ಮೇಲೆ ಮುನಿಸೂ ಉಳಿಯುವುದಿಲ್ಲ, ಏಕೆಂದರೆ ಮರುದಿನ ಬೆಳಿಗ್ಗೆ ಇಬ್ಬರೂ ಒಂದೇ ಒಲೆಯಲ್ಲಿ ಚಾಯ್ ಕಾಯಿಸಬೇಕು.

ಈಗ ಎಚ್ಚರಿಕೆಯ ಮಾತು. ಇಂಥ ಶಿಬಿರಗಳ ಈಚಿನ ಮಾದರಿ ಎಂದು ಎಲ್ಲರೂ ಹೆಸರಿಸುವುದು ಜುಜಾಲು. ಈಥೀರಿಯಂ ಸ್ಥಾಪಕರಲ್ಲೊಬ್ಬರಾದ ವಿಟಾಲಿಕ್ ಬುಟೆರಿನ್ ಅವರ ಮುಂದಾಳತ್ವದಲ್ಲಿ 2023ರ ಮಾರ್ಚ್‌ನಿಂದ ಮೇವರೆಗೆ ಮಾಂಟೆನೆಗ್ರೊದಲ್ಲಿ ಸುಮಾರು 200 ಮಂದಿ ಎರಡು ತಿಂಗಳು ಒಟ್ಟಿಗೆ ಇದ್ದರು. ಅಲ್ಲಿಗೆ ಬಂದವರು ಹೆಚ್ಚಾಗಿ ಆಗಲೇ ನೆಲೆ ಕಂಡುಕೊಂಡವರು, ಎರಡು ತಿಂಗಳು ಊರು ಬಿಟ್ಟಿರಲು ಶಕ್ತರು. ಆ ಅಳತೆಯನ್ನು ಹಾಗೆಯೇ ತಂದು ಇಲ್ಲಿ ಹೊಲಿಯಬಾರದು. ಇಲ್ಲಿನ ಇಪ್ಪತ್ತಮೂರು ವರ್ಷದ ಹುಡುಗ ಮನೆಗೆ ಹಣ ಕಳಿಸುತ್ತಿರುತ್ತಾನೆ. ಅವನ ಒಂದು ತಿಂಗಳ ಗಳಿಕೆಯನ್ನು ಶಿಬಿರವೇ ತುಂಬಿಕೊಡದಿದ್ದರೆ, ಬರುವವರು ಉಳ್ಳವರ ಮಕ್ಕಳು ಮಾತ್ರ. ಆದ್ದರಿಂದ ನಾಲ್ಕು ವಾರ, ಹದಿನೈದರಿಂದ ಇಪ್ಪತ್ತು ಜನ, ಪ್ರತಿಯೊಬ್ಬರಿಗೂ ಭತ್ಯೆ ಎಂಬುದು ನಾನು ಒಪ್ಪುವ ಪ್ರಮಾಣ. ಕೆನ್ಯಾದಲ್ಲಿ 2022ರಿಂದ ನಡೆಯುತ್ತಿರುವ ಈಥ್‌ಸಫಾರಿ ಕೆಲವೇ ದಿನಗಳ ಸಮ್ಮೇಳನವಾದರೂ, ನೈರೋಬಿಯಿಂದ ಜನರನ್ನು ಕಿಲಿಫಿಯವರೆಗೆ ಕರೆದೊಯ್ದು ಅಲ್ಲಿ ಹ್ಯಾಕಥಾನ್ ನಡೆಸಿದ್ದರ ಹಿಂದೆ ಇದೇ ಅರಿವಿದೆ: ಊರು ಬದಲಾದಾಗ ಜನ ಒಬ್ಬರನ್ನೊಬ್ಬರು ಬೇರೆ ಬಗೆಯಲ್ಲಿ ನೋಡುತ್ತಾರೆ.

ನಾನು ಮೊದಲಿಗೆ ಹೇಳಿದ ಒಂಟಿತನದ ಮಾತಿಗೆ ಬರುತ್ತೇನೆ. ಮೊದಲ ಶಿಬಿರದಲ್ಲಿ ನಾವು ಹದಿನೆಂಟು ಊರುಗಳಿಂದ ಹದಿನೆಂಟು ಜನರನ್ನು ಆರಿಸಿ, ಎಷ್ಟು ಹರಡಿದ್ದೇವೆ ಎಂದು ಸಂತೋಷಪಟ್ಟೆವು. ಒಂದು ವರ್ಷದ ನಂತರ ನೋಡಿದರೆ ಅವರಲ್ಲಿ ಹೆಚ್ಚಿನವರು ಮನೆಯಿಂದಲೇ ವಿದೇಶಿ ಕಂಪನಿಗಳಿಗೆ ದುಡಿಯುತ್ತಿದ್ದರು. ಅದರಲ್ಲಿ ತಪ್ಪೇನೂ ಇಲ್ಲ, ಅವರ ಮನೆಗಳು ಚೇತರಿಸಿಕೊಂಡವು. ಆದರೆ ಅವರ ಊರಿನಲ್ಲಿ ಇನ್ನೊಬ್ಬ ಕಲಿಯಲಿಲ್ಲ. ಎರಡನೆಯ ಬಾರಿ ಒಂದೇ ಊರಿನಿಂದ ಇಬ್ಬರು ಅಥವಾ ಮೂವರು ಒಟ್ಟಿಗೆ ಅರ್ಜಿ ಹಾಕಬೇಕೆಂದು ನಿಯಮ ಮಾಡಿದೆವು. ಎಲ್ಡೊರೆಟ್‌ನಿಂದ ಬಂದಿದ್ದ ಇಬ್ಬರು ಮರಳಿದ ತಿಂಗಳೇ ಕಾಲೇಜಿನ ಒಂದು ಕೋಣೆಯಲ್ಲಿ ಶನಿವಾರದ ಓದು ಆರಂಭಿಸಿದರು. ಒಬ್ಬನಿಗೆ ಬೇಸರವಾದ ವಾರ ಇನ್ನೊಬ್ಬ ಬಾಗಿಲು ತೆರೆದ. ಆ ಶನಿವಾರಗಳು ಈಗಲೂ ನಡೆಯುತ್ತಿವೆ, ಮೂರನೆಯ ಶಿಬಿರಕ್ಕೆ ಬಂದ ನಾಲ್ವರು ಆ ಕೋಣೆಯಲ್ಲಿ ಕಲಿತವರು.

ಸ್ಥಳದ ಬಗ್ಗೆ ಕೇಳಿದ್ದೀರಿ. ಇಡೀ ಖಂಡದಿಂದ ಒಂದೆಡೆ ಕರೆಸುವ ಆಸೆ ಬೇಡ. ಲೇಗೋಸ್‌ನಿಂದ ನೈರೋಬಿಗೆ ಹೋಗಿಬರುವ ವಿಮಾನದ ಟಿಕೆಟ್ಟೇ ನಮ್ಮಲ್ಲಿ ಒಬ್ಬರ ತಿಂಗಳ ಊಟ ವಸತಿಯ ವೆಚ್ಚವನ್ನು ಮೀರಿತ್ತು. ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟವಾದ ಎಕೋವಾಸ್‌ನ ಒಪ್ಪಂದದಿಂದಾಗಿ ನೈಜೀರಿಯಾದವರು ಘಾನಾದಲ್ಲಿ ವೀಸಾ ಇಲ್ಲದೆ 90 ದಿನ ಇರಬಹುದು, ಹಾಗಾಗಿ ಪಶ್ಚಿಮದವರಿಗೆ ಅಕ್ರಾ, ಪೂರ್ವದವರಿಗೆ ಕೆನ್ಯಾ ಎಂದು ಎರಡು ಮನೆ ಮಾಡುವುದು ಲೇಸು. ಮನೆಯ ಆಡಳಿತ ಆ ಊರಿನವರ ಕೈಯಲ್ಲೇ ಇರಲಿ. ಹೆಣ್ಣುಮಕ್ಕಳಿಗೆ ಬೇರೆ ಮಹಡಿ, ಬೀಗವಿರುವ ಕೋಣೆ, ದೂರು ಹೇಳಿಕೊಳ್ಳಲು ಆಯೋಜಕರಲ್ಲದ ಒಬ್ಬ ಹಿರಿಯ ಮಹಿಳೆ, ಇವನ್ನು ಅರ್ಜಿ ಕರೆಯುವ ಮೊದಲ ಪತ್ರದಲ್ಲೇ ಬರೆದಿರಬೇಕು. ಹಾಗೆ ಬರೆದ ವರ್ಷ ನಮಗೆ ಬಂದ ಹೆಣ್ಣುಮಕ್ಕಳ ಅರ್ಜಿಗಳು ಹಿಂದಿನ ಬಾರಿಗಿಂತ ಬಹಳ ಹೆಚ್ಚಿದ್ದವು.

ಪ್ರಾಯೋಜಕರಾಗಿ ನೀವು ಎರಡು ತಪ್ಪುಗಳನ್ನು ಮಾಡಬಾರದೆಂದು ಕೇಳಿಕೊಳ್ಳುತ್ತೇನೆ. ಅಕ್ರಾದಲ್ಲಿ ಒಬ್ಬ ಪ್ರಾಯೋಜಕರು ಬಹುಮಾನವನ್ನು ತಮ್ಮದೇ ಟೋಕನ್‌ನಲ್ಲಿ, ಅಂದರೆ ತಾವೇ ಹೊರಡಿಸಿದ ಡಿಜಿಟಲ್ ನಾಣ್ಯದಲ್ಲಿ, ಕೊಟ್ಟರು, ಅದೂ ಆರು ತಿಂಗಳು ಮಾರಬಾರದೆಂಬ ಷರತ್ತಿನೊಂದಿಗೆ. ಷರತ್ತು ಮುಗಿಯುವಷ್ಟರಲ್ಲಿ ಅದಕ್ಕೆ ಬೆಲೆಯೇ ಉಳಿದಿರಲಿಲ್ಲ. ಗೆದ್ದ ಮೂವರ ಮುಂದೆ ನಾನು ತಲೆ ತಗ್ಗಿಸಿ ನಿಲ್ಲಬೇಕಾಯಿತು. ಭತ್ಯೆ ಮತ್ತು ಬಹುಮಾನವನ್ನು ಅವರು ಮರುದಿನವೇ ಖರ್ಚು ಮಾಡಬಲ್ಲ ಹಣದಲ್ಲಿ ಕೊಡಿ. ಎರಡನೆಯದು, ನಿಮ್ಮ ಉತ್ಪನ್ನದ ಮೇಲೆಯೇ ಎಲ್ಲರೂ ಕೆಲಸ ಮಾಡಬೇಕೆಂದು ಒತ್ತಾಯಿಸಬೇಡಿ. ಖೊತಾಟ್ಸೊ ಎನ್‌ಗಾಕೊ ಎಂಬ ದಕ್ಷಿಣ ಆಫ್ರಿಕಾದ ಡೆವಲಪರ್ ಕಟ್ಟಿದ ಮಚಂಕುರಾವನ್ನು ನೋಡಿ: ಇಂಟರ್ನೆಟ್ ಇಲ್ಲದ ಸಾದಾ ಫೋನಿನಲ್ಲಿ, ಬ್ಯಾಲೆನ್ಸ್ ನೋಡಲು ಒತ್ತುವಂಥ ಯುಎಸ್ಎಸ್‌ಡಿ ಸಂಖ್ಯೆ ಒತ್ತಿ ಬಿಟ್‌ಕಾಯಿನ್ ಕಳಿಸಬಹುದು. ಸುತ್ತಲಿನವರ ಕೈಯಲ್ಲಿ ಎಂಥ ಫೋನಿದೆ ಎಂಬುದನ್ನು ದಿನವೂ ಕಂಡವರಿಗೆ ಹೊಳೆಯುವ ವಿಚಾರ ಅದು.

ನಿಮಗೆ ಬಂದಿರುವ ಪ್ರಸ್ತಾವವನ್ನು ಓದುವಾಗ ಮೊದಲು ಕೊನೆಯ ಪುಟದ ವೆಚ್ಚಪಟ್ಟಿಯನ್ನು ನೋಡಿ. ಶಿಬಿರ ಮುಗಿದ ನಂತರದ ಆರು ತಿಂಗಳಿಗೆ, ಅಂದರೆ ಊರೂರಿನ ಶನಿವಾರದ ಕೋಣೆಯ ಬಾಡಿಗೆ, ಡೇಟಾ, ತಿಂಗಳಿಗೊಮ್ಮೆ ಹೋಗಿ ಬರುವ ಮಾರ್ಗದರ್ಶಕರ ಬಸ್ಸಿನ ಖರ್ಚಿಗೆ ಏನನ್ನೂ ಇಟ್ಟಿರದಿದ್ದರೆ, ಶಿಬಿರದ ದಿನಗಳನ್ನು ಒಂದು ವಾರ ಕಡಿಮೆ ಮಾಡಿ ಆ ಹಣವನ್ನು ಅಲ್ಲಿಗೆ ತಿರುಗಿಸಲು ಹೇಳಿ. ಅದಕ್ಕೆ ಒಪ್ಪುವ ಆಯೋಜಕರಾದರೆ ಧೈರ್ಯವಾಗಿ ಹಣ ಕೊಡಿ. ಮಾರ್ಗದರ್ಶಕರು ಬೇಕಾದರೆ ನಾನೂ ಬರುತ್ತೇನೆ.