ಪಿತ್ತಕೋಶ ತೆಗೆಸಿದ ಮೇಲೆ ಕೀಟೋ: ಒಂದು ಹೊತ್ತಿಗೆ ಎಷ್ಟು ಕೊಬ್ಬು?

ಪ್ರಶ್ನೆ: ಕಲ್ಲಾಗಿದ್ದರಿಂದ ಐದು ತಿಂಗಳ ಹಿಂದೆ ಲ್ಯಾಪರೊಸ್ಕೋಪಿ ಮಾಡಿ ಗಾಲ್ ಬ್ಲಾಡರ್ ತೆಗೆದರು. ವಯಸ್ಸು 43, ತೂಕ 84 ಕೆ.ಜಿ. ತೂಕ ಇಳಿಸಬೇಕೆಂದು ಕೀಟೋ (ಕಾರ್ಬ್, ಅಂದರೆ ಪಿಷ್ಟ-ಸಕ್ಕರೆ ತೀರಾ ಕಡಿಮೆ, ಕೊಬ್ಬು ಹೆಚ್ಚು ಇರುವ ಆಹಾರಕ್ರಮ) ಶುರು ಮಾಡಿದ್ದೇನೆ. ಬೆಳಿಗ್ಗೆ ಬೆಣ್ಣೆ, ಕೊಬ್ಬರಿ ಎಣ್ಣೆ ಹಾಕಿದ ಕಾಫಿ. ಮಧ್ಯಾಹ್ನ ಎರಡರವರೆಗೆ ಉಪವಾಸ. ಆಮೇಲೆ ತುಪ್ಪದಲ್ಲಿ ಹುರಿದ ಪನೀರ್. ತಿಂದ ಅರ್ಧ ಗಂಟೆಗೆಲ್ಲ ಹಳದಿ ನೀರಿನಂಥ ಭೇದಿ, ಉರಿ. ನಾನು ಕೀಟೋ ಮಾಡಲೇಬಾರದೇ?
– ಓದುಗರು, ಹಾಸನ

ಉತ್ತರ: ಮಾಡಬಹುದು. ಆದರೆ ಪಿತ್ತಕೋಶ ಇಲ್ಲದ ದೇಹಕ್ಕೆ ಅತಿ ಕಷ್ಟವಾಗುವ ಕ್ರಮವನ್ನೇ ನೀವು ಹಿಡಿದಿದ್ದೀರಿ.

ಪಿತ್ತರಸ ಮಾಡುವುದು ಲಿವರ್, ದಿನಕ್ಕೆ ಸುಮಾರು ಅರ್ಧದಿಂದ ಒಂದು ಲೀಟರ್. ಅದು ಈಗಲೂ ನಡೆದೇ ಇದೆ. ಪಿತ್ತಕೋಶ ಮಾಡುತ್ತಿದ್ದದ್ದು ಅದನ್ನು ಗಟ್ಟಿಯಾಗಿಸಿ 30–50 ಮಿ.ಲೀ. ಕೂಡಿಟ್ಟುಕೊಂಡು, ಜಿಡ್ಡಿನ ಊಟ ಕರುಳಿಗೆ ಇಳಿದಾಗ ಒಮ್ಮೆಲೇ ಸುರಿಯುವ ಕೆಲಸ. ಆ ದಾಸ್ತಾನು ಈಗಿಲ್ಲ, ತೆಳು ಪಿತ್ತರಸ ಸ್ವಲ್ಪಸ್ವಲ್ಪವೇ ಇಳಿಯುತ್ತಿರುತ್ತದೆ. ಹೀಗಾಗಿ ದಿನಕ್ಕೆ ಒಟ್ಟು ಎಷ್ಟು ಕೊಬ್ಬು ತಿಂದಿರಿ ಅನ್ನುವುದಕ್ಕಿಂತ ಒಂದು ಹೊತ್ತಿಗೆ ಎಷ್ಟು ತಿಂದಿರಿ ಅನ್ನುವುದೇ ಮುಖ್ಯ. ಒಂದು ದೊಡ್ಡ ಚಮಚ ಬೆಣ್ಣೆ, ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಸೇರಿದರೆ ಸುಮಾರು 25 ಗ್ರಾಂ ಕೊಬ್ಬು. ಖಾಲಿ ಹೊಟ್ಟೆಗೆ, ಕಾಫಿಯ ಜೊತೆಗೆ! ಕಾಫಿ ತಾನೇ ಕರುಳನ್ನು ಚುರುಕು ಮಾಡುವ ಪದಾರ್ಥ. ಇನ್ನು ದೀರ್ಘ ಉಪವಾಸದ ಹೊತ್ತಿನಲ್ಲೂ ಪಿತ್ತರಸ ಇಳಿಯುವುದು ಪೂರ್ತಿ ನಿಲ್ಲುವುದಿಲ್ಲ. ಸಣ್ಣ ಕರುಳಿನ ಕೊನೆಯ ಭಾಗ ಪಿತ್ತರಸದಲ್ಲಿರುವ ಪಿತ್ತಾಮ್ಲದ ಬಹುಪಾಲನ್ನು ಹೀರಿ ಲಿವರಿಗೆ ಮರಳಿಸುತ್ತದೆ. ಅದರ ಕೈಮೀರಿದ್ದು ದೊಡ್ಡ ಕರುಳಿಗೆ ಹೋದರೆ ಅಲ್ಲಿ ನೀರು ಬಿಡಿಸುತ್ತದೆ. ನೀವು ಹೇಳುವ ಹಳದಿ ಭೇದಿ, ಉರಿ ಬಹುಶಃ ಇದೇ. ಮಲ ಜಿಡ್ಡುಜಿಡ್ಡಾಗಿ ತೇಲುತ್ತಾ, ಎಷ್ಟು ನೀರು ಹಾಕಿದರೂ ಹೋಗದಿದ್ದರೆ ಅದು ಬೇರೆ ವಿಷಯ: ಕೊಬ್ಬು ಜೀರ್ಣವಾಗುತ್ತಿಲ್ಲ. ಅದು ವಾರಗಟ್ಟಲೆ ಮುಂದುವರಿದರೆ ಎ, ಡಿ, ಇ, ಕೆ ವಿಟಮಿನ್‌ಗಳೂ ಜೊತೆಗೇ ಹೊರಟುಹೋಗುತ್ತವೆ.

ಈಗ ಮಾಡಬೇಕಾದ್ದು: ಬೆಣ್ಣೆ ಕಾಫಿಯನ್ನೂ ಉಪವಾಸವನ್ನೂ ಇವತ್ತೇ ನಿಲ್ಲಿಸಿ. ಒಂದು ವಾರ ದಿನದ ಕೊಬ್ಬನ್ನು 40–50 ಗ್ರಾಂಗೆ ಇಳಿಸಿ, ಐದು ಹೊತ್ತಿಗೆ ಹಂಚಿ. ಸಕ್ಕರೆ, ಮೈದಾ ಬೇಡ. ಅನ್ನ, ಮುದ್ದೆ ಸ್ವಲ್ಪ ಇರಲಿ. ಭೇದಿ ನಿಂತ ಮೇಲೆ ಅನ್ನ, ಮುದ್ದೆ ಕಡಿಮೆ ಮಾಡುತ್ತಾ ವಾರಕ್ಕೆ 10 ಗ್ರಾಂನಂತೆ ಕೊಬ್ಬು ಏರಿಸಿ. ಒಂದು ಹೊತ್ತಿಗೆ 15–20 ಗ್ರಾಂ ದಾಟಬೇಡಿ. ಮತ್ತೆ ಭೇದಿಯಾದರೆ ಹಿಂದಿನ ಅಳತೆಗೆ ಇಳಿದು ಒಂದು ವಾರ ಅಲ್ಲೇ ನಿಲ್ಲಿ. (ಆಪರೇಷನ್ ಆಗಿ ನಾಲ್ಕರಿಂದ ಆರು ವಾರ ತುಂಬದವರು ಕೀಟೋ ಯೋಚನೆಯನ್ನೇ ಮಾಡಬೇಡಿ.)

70 ಗ್ರಾಂ ಕೊಬ್ಬಿನ ದಿನ ಹೆಚ್ಚುಕಡಿಮೆ ಹೀಗಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಒಂದು ಚಿಕ್ಕ ಚಮಚ ಎಣ್ಣೆಯಲ್ಲಿ ಎರಡು ಮೊಟ್ಟೆಯ ಆಮ್ಲೆಟ್, 15 ಗ್ರಾಂ. ಹನ್ನೊಂದಕ್ಕೆ ಹನ್ನೆರಡು ಬಾದಾಮಿ, ನೀರು ಮಜ್ಜಿಗೆ, 7–8 ಗ್ರಾಂ. ಊಟಕ್ಕೆ ಚರ್ಮ ತೆಗೆದ 150 ಗ್ರಾಂ ಕೋಳಿ, ಹೀರೆಕಾಯಿ ಅಥವಾ ಹುರುಳಿಕಾಯಿ ಪಲ್ಯ, ಎರಡು ಚಿಕ್ಕ ಚಮಚ ಎಣ್ಣೆ, ಸ್ವಲ್ಪ ಕಾಯಿತುರಿ, 18–20 ಗ್ರಾಂ. ಸಂಜೆ 50 ಗ್ರಾಂ ಪನೀರ್, ಸುಮಾರು 11. ರಾತ್ರಿ ಮೀನು ಅಥವಾ ತೋಫು, ಸೊಪ್ಪಿನ ಪಲ್ಯ, 15. ಮಾಂಸ ತಿನ್ನದವರು ಮಧ್ಯಾಹ್ನ ಸೋಯಾ ಚಂಕ್ಸ್, ಗಟ್ಟಿ ಮೊಸರು ಸೇರಿಸಬಹುದು. ಎಲ್ಲ ಕೊಬ್ಬನ್ನೂ ಪನೀರಿನಿಂದಲೇ ತುಂಬಿಸಬೇಡಿ, 100 ಗ್ರಾಂ ಪನೀರಿನಲ್ಲೇ 20–25 ಗ್ರಾಂ ಇರುತ್ತದೆ.

ಕೀಟೋದಲ್ಲಿ ರಾಗಿ, ಕಾಳು ಬಿಟ್ಟಾಗ ನಾರಿನಂಶವೂ ಹೋಗುತ್ತದೆ, ಭೇದಿಗೆ ಇದೂ ಒಂದು ಕಾರಣ. ಒಂದು ಚಿಕ್ಕ ಚಮಚ ಇಸಬ್‌ಗೋಲ್ ದೊಡ್ಡ ಲೋಟ ನೀರಿನಲ್ಲಿ ಕಲಸಿ ಊಟದ ಹೊತ್ತಿಗೆ ಕುಡಿಯಿರಿ. ಅದು ಪಿತ್ತಾಮ್ಲವನ್ನು ಹಿಡಿದುಕೊಳ್ಳುತ್ತದೆ. 'ಶುಗರ್ ಫ್ರೀ' ಚಾಕೊಲೇಟಿನ ಮಾಲ್ಟಿಟಾಲ್, ಸಾರ್ಬಿಟಾಲ್ ಎಂಬ ಸಿಹಿ ಪದಾರ್ಥಗಳು ತಾವೇ ಭೇದಿ ಮಾಡಿಸುತ್ತವೆ, ಲೇಬಲ್ ಓದಿ. ಇಷ್ಟಕ್ಕೂ ನಿಲ್ಲದಿದ್ದರೆ ವೈದ್ಯರು ಪಿತ್ತಾಮ್ಲವನ್ನು ಹಿಡಿದಿಡುವ ಕೊಲೆಸ್ಟಿರಮಿನ್ ಪುಡಿ ಕೊಡಬಹುದು. ಆ ಪುಡಿ ಬೇರೆ ಔಷಧಗಳನ್ನೂ ಹಿಡಿದಿಡುತ್ತದೆ. ಆದ್ದರಿಂದ ಥೈರಾಯ್ಡ್ ಮುಂತಾದ ಮಾತ್ರೆಗಳನ್ನು ಅದಕ್ಕೆ ಒಂದು ಗಂಟೆ ಮೊದಲು, ಇಲ್ಲವೇ ನಾಲ್ಕರಿಂದ ಆರು ಗಂಟೆ ಬಿಟ್ಟು ನುಂಗಬೇಕು.

ಒಂದು ಮಾತು ನೇರವಾಗಿ ಹೇಳಬೇಕು. ತೂಕ ಇಳಿಸುವುದಷ್ಟೇ ಗುರಿಯಾದರೆ 20–30 ಗ್ರಾಂ ಕಾರ್ಬ್‌ನ ಕಟ್ಟುನಿಟ್ಟಿನ ಕೀಟೋ ನಿಮಗೆ ಬೇಕಿಲ್ಲ. ದಿನಕ್ಕೆ 80–100 ಗ್ರಾಂ ಕಾರ್ಬ್, ಸಾಕಷ್ಟು ಪ್ರೋಟೀನ್, ಮಿತವಾದ ಕೊಬ್ಬಿನ ಊಟದಲ್ಲೂ ತೂಕ ಇಳಿಯುತ್ತದೆ, ಕರುಳೂ ಒಪ್ಪುತ್ತದೆ.

ಬಲ ಪಕ್ಕೆಯ ಕೆಳಗೆ ನೋವು ಬಂದು ಬೆನ್ನಿಗೆ ಹರಿದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಪ್ಪು ಚಹಾದಂತೆ, ಮಲ ಬಿಳಿ ಮಣ್ಣಿನಂತೆ ಆದರೆ ಊಟ ಬದಲಿಸಿ ನೋಡುತ್ತಾ ಕೂರಬೇಡಿ. ಪಿತ್ತನಾಳದಲ್ಲಿ ಕಲ್ಲು ಉಳಿದಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಲಿವರ್ ಪರೀಕ್ಷೆ, ಸ್ಕ್ಯಾನಿಂಗ್, ಬೇಕಾದರೆ ಎಂಆರ್‌ಸಿಪಿ (ಪಿತ್ತನಾಳ ತೋರಿಸುವ ಎಂಆರ್‌ಐ ಸ್ಕ್ಯಾನ್) ಮಾಡುತ್ತಾರೆ.

ಪ್ರಶ್ನೆ: ಕೊಬ್ಬರಿ ಎಣ್ಣೆಗೆ ಪಿತ್ತರಸವೇ ಬೇಡವಂತೆ, ಎಷ್ಟು ಬೇಕಾದರೂ ತಿನ್ನಬಹುದಂತೆ. ನಿಜವೇ?
– ಓದುಗರು, ಮಂಗಳೂರು

ಉತ್ತರ: ಅರ್ಧ ನಿಜ. ಎಂಸಿಟಿ ಎಣ್ಣೆ ಅಂದರೆ ಮಧ್ಯಮ ಸರಪಳಿಯ ಕೊಬ್ಬನ್ನಷ್ಟೇ ಬೇರ್ಪಡಿಸಿದ ಎಣ್ಣೆ. ಅದರ ಎಂಟು, ಹತ್ತು ಇಂಗಾಲದ ಪರಮಾಣುಗಳ ಗಿಡ್ಡ ಸರಪಳಿಯ ಕೊಬ್ಬಿಗೆ ಪಿತ್ತರಸದ ನೆರವು ಹೆಚ್ಚು ಬೇಕಿಲ್ಲ, ಅದು ನೇರವಾಗಿ ಲಿವರಿಗೆ ಹೋಗುತ್ತದೆ. ಆದರೆ ಕೊಬ್ಬರಿ ಎಣ್ಣೆಯಲ್ಲಿ ಅಂಥದ್ದು ಏಳರಲ್ಲೊಂದು ಪಾಲು ಇದ್ದರೆ ಹೆಚ್ಚು. ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ, ಅದು ಬಹುಮಟ್ಟಿಗೆ ಉದ್ದ ಸರಪಳಿಯ ಕೊಬ್ಬಿನಂತೆಯೇ ಜೀರ್ಣವಾಗುತ್ತದೆ. ಎಂಸಿಟಿ ಎಣ್ಣೆಯನ್ನೂ ಊಟದ ಜೊತೆ ಒಂದು ಚಿಕ್ಕ ಚಮಚದಿಂದ ಶುರು ಮಾಡಿ. ಒಮ್ಮೆಗೇ ಹೆಚ್ಚು ಕುಡಿದರೆ ಹೊಟ್ಟೆ ನುಲಿದು ಭೇದಿಯಾಗುತ್ತದೆ.

ಪ್ರಶ್ನೆ: ಪಿತ್ತಕೋಶ ಇಲ್ಲ, ಸಕ್ಕರೆ ಕಾಯಿಲೆಯೂ ಇದೆ. ಗ್ಲಿಮಿಪಿರೈಡ್, ಡಾಪಾಗ್ಲಿಫ್ಲೋಜಿನ್ ನುಂಗುತ್ತಿದ್ದೇನೆ. ಕೀಟೋ ಮಾಡಲೇ?
– ಓದುಗರು, ಕಲಬುರಗಿ

ಉತ್ತರ: ಮಾತ್ರೆ ಬದಲಾಗುವವರೆಗೆ ಖಂಡಿತ ಬೇಡ. ಅನ್ನ, ರೊಟ್ಟಿ ಬಿಟ್ಟು ಗ್ಲಿಮಿಪಿರೈಡ್ ನುಂಗಿದರೆ ಸಕ್ಕರೆ ದಿಢೀರ್ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್ ಜೊತೆ ಕೀಟೋ ಮಾಡಿದರೆ, ಅದರ ಮೇಲೆ ಭೇದಿಯೂ ಸೇರಿದರೆ, ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು. ಆಗ ಗ್ಲುಕೋಮೀಟರ್ 200ಕ್ಕಿಂತ ಕಡಿಮೆ ತೋರಿಸಿ ದಾರಿ ತಪ್ಪಿಸಬಹುದು. ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಇದ್ದರೆ ತುರ್ತು ಚಿಕಿತ್ಸೆಗೆ ಹೋಗಿ, ಈ ಮಾತ್ರೆಯ ಹೆಸರನ್ನೂ ಕೀಟೋ ಮಾಡುತ್ತಿರುವುದನ್ನೂ ಮೊದಲೇ ಹೇಳಿ.